ದೋಹಾದಲ್ಲಿ ತಡೆದು ಹಾಡಿದ ಪದ

೧೯೫೮ರಲ್ಲಿ ನಾನು ಶಾಲೆ ಬಿಟ್ಟೆ. ಆಗ ಐದನೇ ಕ್ಲಾಸು. ಮೇಷ್ಟ್ರು ಹೊಡೆದರೆಂದು ಬಿಟ್ಟದ್ದಲ್ಲ, ದಡ್ಡನೆಂದೂ ಅಲ್ಲ. ಮನೆಯಲ್ಲಿ ಉಣ್ಣುವ ಬಾಯಿ ಜಾಸ್ತಿ ಇತ್ತು, ಯಕ್ಷಗಾನ ಮೇಳದಲ್ಲಿ ಎರಡು ಹೊತ್ತು ಊಟ ಇತ್ತು. ಪೆಟ್ಟಿಗೆ ಹೊರುವುದರಿಂದ ಶುರು ಮಾಡಿ, ಮದ್ದಲೆ ಕಲಿತು, ಕೊನೆಗೆ ಜಾಗಟೆ ಹಿಡಿದು ಹಾಡುವ ಭಾಗವತನಾದೆ. ಯಾರ ಶಿಫಾರಸಿನಿಂದಲೂ ಆದದ್ದಲ್ಲ. ಬಂಟ್ವಾಳದ ಸುತ್ತಮುತ್ತ ಈಗಲೂ ನನ್ನ ಪದ ಕೇಳಿದವರು ಇದ್ದಾರೆ, ಬೇಕಾದರೆ ಕೇಳಿ ನೋಡಿ.

ಹಾಗಾಗಿ ತೊಂಬತ್ತಾರರಲ್ಲಿ ಕತಾರಿನಿಂದ ಕರೆ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಅವರು ಕೇಳಿದ ಪ್ರಸಂಗದ ಬಗ್ಗೆ ಮಾತ್ರ ಆಶ್ಚರ್ಯವಾಯಿತು. ಅಲ್ಲಿನ ನಮ್ಮವರ ಸಂಘದಲ್ಲಿ ಒಬ್ಬರು ಎಂಜಿನಿಯರು ಯುರೋಪಿನಲ್ಲಿ ಒಂದು ಆಟ ನೋಡಿಬಂದಿದ್ದರಂತೆ. ಹೆಸರಾಂತ ಹಳೆಯ ನಾಟಕವೊಂದನ್ನು ಅಲ್ಲಿಯವರು ಪೂರ್ತಿ ಹಾಡಿಗೆ ಅಳವಡಿಸಿ ಆಡುತ್ತಾರೆ, ಮಾತೇ ಇಲ್ಲ, ಎಲ್ಲ ಹಾಡು. ಕಥೆ ಇಷ್ಟೇ. ದೊಡ್ಡ ಸೇನಾಪತಿ ಒಬ್ಬ, ಅವನಿಗೆ ಒಳ್ಳೆಯ ಹೆಂಡತಿ. ಕೈಕೆಳಗಿನ ಅಧಿಕಾರಿಯೊಬ್ಬ ಕಿವಿ ಊದುತ್ತಾನೆ. ಸೇನಾಪತಿ ನಂಬುತ್ತಾನೆ, ಹೆಂಡತಿಯನ್ನು ಕತ್ತು ಹಿಸುಕಿ ಕೊಲ್ಲುತ್ತಾನೆ, ಆಮೇಲೆ ಸತ್ಯ ಗೊತ್ತಾಗಿ ತಾನೂ ಸಾಯುತ್ತಾನೆ. ಇದನ್ನು ಪುತ್ತೂರಿನ ಒಬ್ಬರು ಕಾಲೇಜು ಮೇಷ್ಟ್ರು ನಮ್ಮ ಪದ್ಯಕ್ಕೆ ಇಳಿಸಿಕೊಟ್ಟಿದ್ದರು. ಪದ್ಯ ಚೆನ್ನಾಗಿತ್ತು. ಎರಡು ಕಡೆ ತಾಳ ತಪ್ಪಿತ್ತು, ಸರಿ ಮಾಡಿಕೊಂಡೆ.

ಊರಿನಿಂದ ನಾನು, ಚೆಂಡೆ ಮದ್ದಲೆಯವರು ಮತ್ತು ಹೆಣ್ಣುವೇಷದ ಕೃಷ್ಣಣ್ಣ ಹೊರಟೆವು. ಕೃಷ್ಣಣ್ಣನಿಗೆ ಐವತ್ತು ದಾಟಿತ್ತು. ಲುಂಗಿ ಉಟ್ಟು ಬೀಡಿ ಸೇದುವಾಗ ನೋಡಿದರೆ ಗೂಡಂಗಡಿಯವನ ಹಾಗೆ. ಸೀರೆ ಉಟ್ಟು ರಂಗಸ್ಥಳಕ್ಕೆ ಕಾಲಿಟ್ಟರೆ ಹೆಂಗಸರು ಅಸೂಯೆ ಪಡಬೇಕು. ಉಳಿದ ವೇಷದವರು ಅಲ್ಲಿಯೇ ಕೆಲಸದಲ್ಲಿರುವ ಹವ್ಯಾಸಿಗಳು.

ದೋಹಾ, ವಿಮಾನ ನಿಲ್ದಾಣ

ಇಳಿದ ಕೂಡಲೇ ಸಿಕ್ಕಿಬಿದ್ದೆವು. ಕೃಷ್ಣಣ್ಣನ ಪೆಟ್ಟಿಗೆಯಲ್ಲಿ ಬಣ್ಣದ ಪುಡಿಗಳ ಪೊಟ್ಟಣ ಇದ್ದವು, ಬಿಳಿ, ಕೆಂಪು, ಹಳದಿ. ಕಸ್ಟಮ್ಸಿನ ಯುವಕ ಒಂದೊಂದನ್ನೇ ಬಿಚ್ಚಿ ಮೇಜಿನ ಮೇಲೆ ಇಟ್ಟ, ಇನ್ನಿಬ್ಬರನ್ನು ಕರೆದ. ನಮಗೆ ಅರಬ್ಬಿ ಬಾರದು, ಅವರಿಗೆ ಹಿಂದಿ ಅಷ್ಟಕ್ಕಷ್ಟೆ. ಕೃಷ್ಣಣ್ಣ ಮುಖಕ್ಕೆ ಹಚ್ಚುವುದೆಂದು ಕೈಯಲ್ಲಿ ಮಾಡಿ ತೋರಿಸಿದ, ಸೊಂಟ ಬಳುಕಿಸಿ ತೋರಿಸಿದ. ಅವರ ಸಂಶಯ ಇನ್ನೂ ಜಾಸ್ತಿಯಾಯಿತು.

ಹೊರಗೆ ಕಾಯುತ್ತಿದ್ದ ಹಮೀದಾಕನನ್ನು ಒಳಗೆ ಕರೆಸಿದರು. ಹಮೀದಾಕ ಉಳ್ಳಾಲದವರು, ದೋಹಾದಲ್ಲಿ ಇಪ್ಪತ್ತು ವರ್ಷದಿಂದ ಜವಳಿ ವ್ಯಾಪಾರ. ಸಣ್ಣವರಿದ್ದಾಗ ಆಟ ನೋಡಲು ಮನೆಯಿಂದ ಕದ್ದು ಓಡಿ ಬಂದು, ಬೆಳಗ್ಗೆ ಬಾಪನ ಕೈಯಲ್ಲಿ ಪೆಟ್ಟು ತಿನ್ನುತ್ತಿದ್ದರಂತೆ. ಈ ಆಟ ಆಡಿಸುವ ಮುಂದಾಳು ಅವರೇ. ಅವರು ಅರಬ್ಬಿಯಲ್ಲಿ ಏನೋ ಹೇಳಿದರು, ಅಧಿಕಾರಿಗಳು ನಕ್ಕರು. ಬಿಳಿ, ಕೆಂಪು ವಾಪಸು ಬಂತು. ಹಳದಿ ಮಾತ್ರ ಕೊಡಲಿಲ್ಲ. ಅದು ಅರದಾಳ, ವಿಷದ ಕಲ್ಲು ಅರೆದು ಮಾಡಿದ್ದು. ಅವರು ಹಿಡಿದದ್ದು ತಪ್ಪಲ್ಲ.

"ಎಂತ ಹೇಳಿದಿರಿ ಅವರಿಗೆ?" ಅಂತ ಕೃಷ್ಣಣ್ಣ ಕೇಳಿದ.

"ಇವ ನಮ್ಮೂರಿನ ರಾಣಿ ಅಂತ ಹೇಳಿದೆ."

"ರಾಣಿಯ ಬಣ್ಣ ಇಟ್ಟುಕೊಂಡರಲ್ಲ ಮಾರಾಯ್ರೆ. ಅರದಾಳ ಇಲ್ಲದೆ ಮುಖಕ್ಕೆ ಜೀವ ಬರುದಿಲ್ಲ."

"ಹೇಗೂ ಸಾಯುವ ಪಾರ್ಟಲ್ವಾ ನಿಮ್ಮದು?"

ನಕ್ಕೆವು. ಆ ಪ್ರವಾಸದಲ್ಲಿ ಒಟ್ಟಿಗೆ ಮನಸ್ಸು ಬಿಟ್ಟು ನಕ್ಕದ್ದು ಅದೊಂದೇ ಸಲ ಅಂತ ಕಾಣುತ್ತದೆ.

ಅಬು ಹಮೂರ್

ಹಮೀದಾಕ ನಮ್ಮನ್ನು ಇಳಿಸಿದ್ದು ಅಬು ಹಮೂರಿನ ಒಂದು ವಿಲ್ಲಾದಲ್ಲಿ. ಎತ್ತರದ ಗೋಡೆ, ಕಬ್ಬಿಣದ ಗೇಟು, ಒಳಗೆ ಒಂದೇ ಒಂದು ಬೇವಿನ ಮರ, ಅದಕ್ಕೂ ಪೈಪಿನಲ್ಲಿ ನೀರು. ಬೀದಿಯಲ್ಲಿ ನಡೆಯುವವರೇ ಇಲ್ಲ. ನಮ್ಮಲ್ಲಿ ಮನೆಯಿಂದ ಹೊರಟರೆ ಬಸ್‌ಸ್ಟ್ಯಾಂಡ್ ಮುಟ್ಟುವುದರೊಳಗೆ ಹತ್ತು ಜನರಿಗೆ ಎಲ್ಲಿಗೆ, ಯಾಕೆ ಅಂತ ಲೆಕ್ಕ ಕೊಡಬೇಕು. ಅಲ್ಲಿ ಕೇಳುವವರಿಲ್ಲ. ಮೊದಲ ದಿನ ಒಳ್ಳೆಯದೆನಿಸಿತು. ಆಮೇಲೆ ಯಾರಾದರೂ ಕೇಳಬಾರದೇ ಅನಿಸಿತು.

ಏಸಿಯಿಂದ ನನ್ನ ಗಂಟಲು ಒಣಗಿತು. ಆರಿಸಿದರೆ ಉಸಿರಾಡಲು ಆಗದು, ಹಾಕಿದರೆ ಸ್ವರ ಹೋಗುತ್ತದೆ. ಒದ್ದೆ ಬೈರಾಸು ಮುಖದ ಮೇಲೆ ಹಾಕಿ ಮಲಗುತ್ತಿದ್ದೆ. ಮದ್ದಲೆಯ ಕಥೆಯೂ ಅಷ್ಟೆ, ಒಳಗಿನ ಒಣ ಹವೆಗೆ ಚರ್ಮ ಬಿಗಿದು ಶ್ರುತಿ ಏರುತ್ತಿತ್ತು, ಹೊರಗೆ ತಂದರೆ ಸಮುದ್ರದ ಹಸಿಗೆ ಇಳಿಯುತ್ತಿತ್ತು.

ಸೇನಾಪತಿಯ ವೇಷಕ್ಕೆ ಆರಿಸಿದ್ದ ಹುಡುಗನ ಹೆಸರು ಸದಾನಂದ. ಹುಡುಗ ಅಂದರೆ ಮೂವತ್ತೈದು ಇರಬಹುದು. ಕಟಪಾಡಿಯವನು, ರಾಸ್ ಲಫಾನಿನಲ್ಲಿ ಪೈಪ್ ಬೆಸೆಯುವ ಕೆಲಸ, ವಾಸ ಉತ್ತರದಲ್ಲಿ ಅಲ್ ಖೋರ್. ಕೆಲಸ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು, ಅಲ್ಲಿಂದ ಯಾರದೋ ಪಿಕಪ್ಪು ಹತ್ತಿ ನಮ್ಮಲ್ಲಿಗೆ ಬರುತ್ತಿದ್ದ. ಮುಖದ ತುಂಬ ಬೆಸುಗೆಯ ಕಪ್ಪು. ಆದರೆ ನಿಂತರೆ ಸೇನಾಪತಿಯೇ. ಎತ್ತರ, ಹೆಗಲು, ಕಣ್ಣು. ಸಂಶಯದ ಪದ್ಯಕ್ಕೆ ಅವನು ಕುಣಿದದ್ದು ನೋಡಿ, ಮೇಳದಲ್ಲಿ ಮೂವತ್ತು ವರ್ಷ ಕಳೆದವರಿಗೂ ಬಾರದ್ದು ಇವನಿಗೆ ಎಲ್ಲಿಂದ ಬಂತು ಎಂದುಕೊಂಡು, ಭೇಷ್ ಅಂದೆ. ಒಂದೇ ಕೊರತೆ. ಸ್ವರ ಎತ್ತುವ ಮೊದಲು ಎರಡು ಸಲ ಗಿಡ್ಡಕ್ಕೆ ಕೆಮ್ಮುತ್ತಿದ್ದ.

"ಕೆಮ್ಮುವುದು ನೀನು ಮಾರಾಯ, ಸೇನಾಪತಿ ಅಲ್ಲ," ಅಂತ ಬೈದೆ. "ಕಿರೀಟ ಇಟ್ಟ ಮೇಲೆ ಸದಾನಂದ ಹೊರಗೆ ಬರಬಾರದು."

"ಬೆಸುಗೆಯ ಹೊಗೆ ಭಾಗವತರೇ. ಬಿಡ್ತೇನೆ." ಕುಣಿತದ ಮಟ್ಟಿಗೆ ಬಿಟ್ಟ ಕೂಡ.

ಇಲ್ಲಿ ಆಟದ ಒಂದು ಕ್ರಮ ಹೇಳಬೇಕು, ಗೊತ್ತಿಲ್ಲದವರಿಗೆ. ಯಕ್ಷಗಾನದಲ್ಲಿ ಭಾಗವತ ಹಾಡುವ ಪದ್ಯ ಮಾತ್ರ ಬರೆದದ್ದು. ಪದ್ಯ ಮುಗಿದ ಮೇಲೆ ವೇಷದವರು ಆಡುವ ಮಾತಿಗೆ ಬರಹ ಇಲ್ಲ, ನಿಂತಲ್ಲಿಯೇ ಹುಟ್ಟಬೇಕು. ಎದುರಿನವನು ಏನು ಕೇಳುತ್ತಾನೆ ಅಂತ ಮೊದಲೇ ಗೊತ್ತಿರುವುದಿಲ್ಲ. ಉತ್ತರ ಹೊಳೆಯದಿದ್ದರೆ ಭಾಗವತನ ಕಡೆ ಒಮ್ಮೆ ನೋಡಬೇಕು. ಅವನು ಮುಂದಿನ ಪದ ಎತ್ತುತ್ತಾನೆ, ವೇಷದವನ ಮರ್ಯಾದೆ ಉಳಿಯುತ್ತದೆ.

ವಿಲ್ಲಾದ ಯಜಮಾನ, ಕತಾರಿ ಮುದುಕ, ಒಂದು ಸಂಜೆ ಅಭ್ಯಾಸ ನೋಡಲು ಬಂದು ನೆಲದ ಮೇಲೆ ನಮ್ಮ ಜೊತೆಯೇ ಕೂತ. ಹಾಲಿಲ್ಲದ ಚಹಾ ಕುಡಿಯುತ್ತಾ ಕಥೆ ಏನೆಂದು ಹಮೀದಾಕನಲ್ಲಿ ಕೇಳಿದ. ಪೂರ್ತಿ ಕೇಳಿ ಲೋಟ ಕೆಳಗಿಟ್ಟ. ಆಮೇಲೆ ಅವನು ಹೇಳಿದ್ದನ್ನು ಹಮೀದಾಕ ನಮಗೆ ಹೇಳಿದರು: "ಅಷ್ಟು ದೊಡ್ಡ ಸೇನಾಪತಿಗೆ ಕೂರಿಸಿ ಬುದ್ಧಿ ಹೇಳುವ ಹಿರಿಯರು ಯಾರೂ ಇರಲಿಲ್ವಾ ಅಂತ ಕೇಳ್ತಾನೆ."

ಪ್ರಸಂಗದಲ್ಲಿ ಇಲ್ಲ ಅಂತ ನಾನು ಹೇಳಿದೆ.

ಅಲ್ ಖೋರ್

ಆಟಕ್ಕೆ ಮೊದಲಿನ ಶುಕ್ರವಾರ ಸದಾನಂದ ನನ್ನನ್ನೂ ಕೃಷ್ಣಣ್ಣನನ್ನೂ ತನ್ನ ರೂಮಿಗೆ ಊಟಕ್ಕೆ ಕರೆದ. ದಾರಿಯುದ್ದಕ್ಕೂ ಕಲ್ಲು, ಮಣ್ಣು, ಬೂದಿ ಬಣ್ಣದ ಬಯಲು. ಅಲ್ ಖೋರಿನಲ್ಲಿ ಸಮುದ್ರ ಕಂಡಿತು, ದೋಣಿ ಕಂಡಿತು, ಮೀನಿನ ವಾಸನೆ ಬಂತು. ಕೃಷ್ಣಣ್ಣ ಕಿಟಕಿಗೆ ಮೂಗು ಒತ್ತಿ "ಮಲ್ಪೆ" ಅಂದ. ಆದರೆ ಮಲ್ಪೆಯ ಗದ್ದಲ ಇಲ್ಲ, ಮೀನು ಮಾರುವ ಹೆಂಗಸರಿಲ್ಲ.

ರೂಮಿನಲ್ಲಿ ಎರಡು ಅಂತಸ್ತಿನ ಮಂಚಗಳು. ಶುಕ್ರವಾರವಾದ್ದರಿಂದ ಉಳಿದವರು ಹೊರಗೆ ಹೋಗಿದ್ದರು. ಬಂಗುಡೆ ಸಾರು ಮಾಡಿದ್ದ, ಖಾರ ಸರಿಯಾಗಿತ್ತು. ಊಟ ಆದ ಮೇಲೆ ಮಂಚದ ಕೆಳಗಿನಿಂದ ಒಂದು ಕ್ಯಾಸೆಟ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

ಗಲ್ಫಿನಲ್ಲಿ ಆಗ ಇದೇ ಕ್ರಮ. ಬರೆಯಲು ಬೇಸರದವರು ಟೇಪಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು. ಹೆಂಡತಿ ಕೇಳಿ, ತನ್ನ ಮಾತು ತುಂಬಿಸಿ ಕಳಿಸುತ್ತಿದ್ದಳು.

"ಸುಮತಿ ಕಳಿಸಿದ್ದು," ಅಂದ. ಸುಮತಿ ಅವನ ಹೆಂಡತಿ. "ನಡುವಿನಲ್ಲಿ ಗಂಡಸು ಕೆಮ್ಮುದು ಕೇಳ್ತದೆ."

ಕ್ಯಾಸೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮನೆಯಲ್ಲಿ ಅವಳು ಒಬ್ಬಳೇ. ಅಣ್ಣನ ಮನೆ ಆಚೆ ಉಂಟು. ಅಣ್ಣ ಕೆಮ್ಮಿದರೆ ನನಗೆ ಗೊತ್ತಾಗ್ತದೆ. ಇದು ಅಣ್ಣನದ್ದಲ್ಲ. ಅವಳು ಮಾತು ನಿಲ್ಲಿಸ್ತಾಳೆ, ಇವ ಕೆಮ್ಮುತ್ತಾನೆ, ಮತ್ತೆ ಇವಳು ನಗಾಡಿಕೊಂಡು ಮಾತು ಶುರು ಮಾಡ್ತಾಳೆ."

"ಹಾಕು, ಕೇಳುವ," ಅಂತ ಕೃಷ್ಣಣ್ಣ ಹೇಳಿದ.

"ಬೇಡ ಕೃಷ್ಣಣ್ಣ. ನನ್ನ ಮನೆಯ ನಾಚಿಕೆ." ಕ್ಯಾಸೆಟ್ಟನ್ನು ಒಳಗಿಟ್ಟ. "ಆಟ ಒಂದು ಮುಗಿಯಲಿ. ಮರುದಿನ ಅಣ್ಣನಿಗೆ ಫೋನ್ ಮಾಡಿ, ಅವಳನ್ನು ಶಿರ್ವದ ತಾಯಿಮನೆಗೆ ಬಿಟ್ಟು ಬಾ ಅಂತ ಹೇಳ್ತೇನೆ. ಖಲಾಸ್."

"ಅವಳನ್ನು ಕೇಳಿದಿಯಾ?" ಅಂದ ಕೃಷ್ಣಣ್ಣ.

"ಎಂತ ಕೇಳುದು? ಕೇಳಿದರೆ ಹೌದು ಅಂತಾಳಾ?"

ಸಂಶಯದ ಪದ್ಯ ಅವನಿಗೆ ಎಲ್ಲಿಂದ ಬಂತು ಎಂಬುದು ಆಗ ತಿಳಿಯಿತು. ಅವನ ಕುಣಿತ ನೋಡಿ ಭೇಷ್ ಅಂದಿದ್ದೆನಲ್ಲ, ಆ ಮಾತು ಬಾಯಲ್ಲಿ ಕಹಿಯಾಯಿತು. ವಾಪಸು ಬಂದು ಅಬು ಹಮೂರಿನ ಗೇಟಿನ ಹತ್ತಿರ ಇಳಿದಾಗ ಕೃಷ್ಣಣ್ಣ, "ರಂಗಸ್ಥಳದಲ್ಲಿ ನಾನು ಕೇಳ್ತೇನೆ ಅವನನ್ನು. ನೀವು ಪದ ಎತ್ತಲು ಅವಸರ ಮಾಡಬೇಡಿ," ಅಂದ.

ಆಟದ ದಿನ

ನಮ್ಮವರ ಶಾಲೆಯೊಂದರ ಸಭಾಂಗಣ. ಗುರುವಾರ ಸಂಜೆ. ಮರುದಿನ ರಜೆಯಾದ್ದರಿಂದ ಜನ ತುಂಬಿದ್ದರು. ಮುಂದಿನ ಸಾಲುಗಳಲ್ಲಿ ಸಂಸಾರಸ್ಥರು, ಮಕ್ಕಳು. ಹಿಂದೆ ಪೂರ್ತಿ ಕ್ಯಾಂಪಿನ ಗಂಡಸರು, ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿದ ತಲೆ. ಅಷ್ಟು ಜನರ ಹೆಂಡಂದಿರೂ ಊರಿನಲ್ಲಿ. ಇಂಥ ಪ್ರಸಂಗ ಇವರ ಮುಂದೆ ಯಾಕೆ ಬೇಕಿತ್ತು ಅಂತ ಹಮೀದಾಕನಿಗೂ ಆಗ ಅನಿಸಿರಬೇಕು, ನಾವು ಬಣ್ಣ ಹಚ್ಚುವ ಚೌಕಿಗೆ ಬಂದು, "ಕೊನೆಯಲ್ಲಿ ಅವಳನ್ನು ಬದುಕಿಸಲಿಕ್ಕೆ ಆಗ್ತದಾ ಭಾಗವತರೇ?" ಅಂತ ಕೇಳಿದರು. ಆಗುವುದಿಲ್ಲ ಎಂದೆ. ಸಾಯುವ ಕಥೆ ಎಂದು ಕರೆಸಿದ್ದು ಅವರೇ.

ಹಳದಿ ಇಲ್ಲದ ಬಣ್ಣದಲ್ಲಿ ಕೃಷ್ಣಣ್ಣನ ಮುಖ ಮಾಸಿದ ಗುಲಾಬಿಯಾಗಿತ್ತು. ಮೊದಲ ಪ್ರವೇಶದಲ್ಲೇ ಅರ್ಧ ಸತ್ತವಳಂತೆ ಕಂಡ. ಒಳ್ಳೆಯ ನಗುವಿನ ಪದ್ಯಗಳಿಗೂ ಜನ ನಗಲಿಲ್ಲ.

ಕೊನೆಯ ದೃಶ್ಯ. ಮಲಗಿದ ಹೆಂಡತಿಯನ್ನು ಸೇನಾಪತಿ ಎಬ್ಬಿಸುತ್ತಾನೆ. ಕೊಲ್ಲುವ ಪದ್ಯಕ್ಕೆ ಮೊದಲು ಇಬ್ಬರಿಗೂ ಮಾತು. ಅಭ್ಯಾಸದಲ್ಲಿ ಕೃಷ್ಣಣ್ಣ ಅತ್ತು ಬೇಡಿಕೊಳ್ಳುತ್ತಿದ್ದ. ಅಂದು ಅಳಲಿಲ್ಲ. ಸೆರಗು ಸರಿ ಮಾಡಿ ಎದ್ದು ಕೂತ.

"ಸ್ವಾಮಿ, ಕೊಲ್ಲುವವರು ಕೊಲ್ಲಿ. ಒಂದು ಕೇಳಲೇ? ನನ್ನ ತಪ್ಪನ್ನು ತಮಗೆ ಹೇಳಿದವರು ಯಾರು?"

"ಲೋಕ ಹೇಳಿತು," ಅಂದ ಸದಾನಂದ. ಚುರುಕಾಗಿಯೇ ಹೇಳಿದ.

"ಲೋಕ ಹೇಳಿದ್ದನ್ನು ಕೇಳಿದಿರಿ. ತಮ್ಮ ಕಣ್ಣು ಕಂಡದ್ದೇನು?"

"ಕಣ್ಣು ಕಾಣದ್ದನ್ನು ಕಿವಿ ಕೇಳಿತು."

"ಕಿವಿಗೆ ಬಿದ್ದದ್ದು ಯಾವುದೆಂದು ಈ ದಾಸಿಯ ಹತ್ತಿರ ವಿಚಾರಿಸಿದಿರಾ? ಯುದ್ಧದಲ್ಲಿ ಸಿಕ್ಕಿದ ವೈರಿಯನ್ನಾದರೂ ಎದುರು ನಿಲ್ಲಿಸಿ ಒಂದು ಮಾತು ಕೇಳುತ್ತೀರಿ. ನನ್ನನ್ನು ಕೇಳಿದಿರಾ?"

ಸದಾನಂದ ಬಾಯಿ ತೆರೆದ. ಮಾತು ಬರಲಿಲ್ಲ. ನನ್ನ ಕಡೆ ನೋಡಿದ.

ಜಾಗಟೆ ನನ್ನ ಕೈಯಲ್ಲಿತ್ತು. ಕೋಲು ಎತ್ತಿ ಹಿಡಿದಿದ್ದೆ. ಅವನು ನೋಡಿದರೆ ಪದ ಎತ್ತಬೇಕು, ಅದು ನನ್ನ ಕೆಲಸ, ಅಷ್ಟು ವರ್ಷದಲ್ಲಿ ಯಾವ ವೇಷದವನನ್ನೂ ನಾನು ಹಾಗೆ ರಂಗಸ್ಥಳದಲ್ಲಿ ಒಂಟಿಯಾಗಿ ನಿಲ್ಲಿಸಿದವನಲ್ಲ. ಎತ್ತಲಿಲ್ಲ. ಮದ್ದಲೆಯವನು ನನ್ನ ಮುಖ ನೋಡಿದ. ಸದಾನಂದ ಮತ್ತೊಮ್ಮೆ ನೋಡಿದ, ಈ ಸಲ ಬೇಡುವ ಹಾಗೆ. ನಾನು ಕಣ್ಣು ಕೆಳಗೆ ಹಾಕಿದೆ.

"ಕೇಳಲಿಲ್ಲ," ಅಂದ ಕೊನೆಗೆ. ಅದು ಸೇನಾಪತಿಯ ಸ್ವರವೇ ಅಲ್ಲ. "ನಾನು ಕೇಳಲಿಲ್ಲ."

ಆಗ ಪದ ಎತ್ತಿದೆ. ಮದ್ದಲೆಯ ಶ್ರುತಿ ಏರಿತ್ತು, ನಾನೂ ಏರಿಯೇ ಹಾಡಬೇಕಾಯಿತು, ಗಂಟಲು ಹರಿಯುವ ಹಾಗೆ. ಅವನು ಕೊಂದ, ಸತ್ತ. ಮಂಗಳ ಹಾಡಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಕೆಲವರು ಚಪ್ಪಾಳೆ ತಟ್ಟದೆ ಹಾಗೆಯೇ ಕೂತಿದ್ದರು.

ಚೌಕಿಯಲ್ಲಿ ಬಣ್ಣ ಒರೆಸುತ್ತಾ ಸದಾನಂದ, "ಅಣ್ಣನಿಗೆ ಮಾಡುದಿಲ್ಲ ಭಾಗವತರೇ. ಅವಳಿಗೇ ಮಾಡಿ ಕೇಳ್ತೇನೆ," ಅಂದ. ಕೃಷ್ಣಣ್ಣ ನನ್ನ ಕೈ ಹಿಡಿದು ಒತ್ತಿದ. ಗೆದ್ದೆವು ಅಂತ ನಾನೂ ತಿಳಿದೆ.

ಫೋನಿನ ಬೂತು

ಶುಕ್ರವಾರ ಬೆಳಗ್ಗೆ ಅವನ ಜೊತೆ ಹೋದೆವು. ಕಟಪಾಡಿಯ ಅವನ ಮನೆಯಲ್ಲಿ ಫೋನ್ ಇರಲಿಲ್ಲ. ಎದುರಿನ ಅಂಗಡಿಗೆ ಮಾಡಿ, ಕರೆಯಲು ಹೇಳಿ, ಸ್ವಲ್ಪ ಬಿಟ್ಟು ಮತ್ತೆ ಮಾಡಬೇಕು. ಬೂತಿನ ಹೊರಗೆ ನಾವಿಬ್ಬರು, ಒಳಗೆ ಅವನು. ಲೈನು ಸರಿ ಇರಲಿಲ್ಲ. ಅವನ ಮಾತು ಗಾಜು ದಾಟಿ ನಮಗೇ ಕೇಳುತ್ತಿತ್ತು.

"ಸುಮತಿ, ಕೇಳ್ತದಾ? ಕೆಮ್ಮಿದ್ದು ಯಾರು? ಕ್ಯಾಸೆಟ್ಟಿನಲ್ಲಿ! ಕೆಮ್ಮಿದ ಗಂಡಸು ಯಾರು?"

ಮೂರು ಸಲ ಕಿರುಚಿದ. ಆಚೆ ಅದು ಅಂಗಡಿ. ಬೆಳಗಿನ ಹೊತ್ತು. ಹಾಲಿಗೆ, ಬೀಡಿಗೆ, ಪೇಪರಿಗೆ ಬಂದವರು ನಿಂತಿರುತ್ತಾರೆ. ರಿಸೀವರಿನಿಂದ ಹೊರಗೆ ಬೀಳುವ ಸ್ವರವದು.

ಅವನು ಹೊರಗೆ ಬಂದ. "ಇಟ್ಟಳು. ಒಂದು ಮಾತು ಹೇಳದೆ ಇಟ್ಟಳು."

ಕೇಳು ಅಂತ ಅವನಿಗೆ ಕಲಿಸಿದ್ದು ನಾವೇ. ಹೇಗೆ ಕೇಳಬೇಕು ಅಂತ ಯಾರೂ ಕಲಿಸಿರಲಿಲ್ಲ.

ಸಿಟ್ಟಿನಲ್ಲಿ ಕುದಿಯುತ್ತಾ ಅವನು ನಮ್ಮ ಜೊತೆ ಅಬು ಹಮೂರಿಗೆ ಬಂದ. ಆ ಕ್ಯಾಸೆಟ್ ಕಿಸೆಯಲ್ಲೇ ಇತ್ತು. "ನೀವೇ ಕೇಳಿ, ಆಮೇಲೆ ಹೇಳಿ ನನ್ನದು ತಪ್ಪಾ ಅಂತ," ಎಂದು ಹಮೀದಾಕನ ಟೇಪಿಗೆ ಹಾಕಿದ. ಹೆಂಗಸಿನ ಸಣ್ಣ ಸ್ವರ ಬಂತು, ತುಳುವಿನಲ್ಲಿ. ಬಾವಿ, ಅತ್ತಿಗೆ, ಬೆಕ್ಕು ಮರಿ ಹಾಕಿದ ಸಂಗತಿ. ಟಕ್ ಎಂದಿತು. ಒಂದು ಉಸಿರು, ಏಸಿಯ ಗುಂಯ್ ಸದ್ದು, ಎರಡು ಗಿಡ್ಡ ಕೆಮ್ಮು. ಮತ್ತೆ ಟಕ್. ಮತ್ತೆ ಹೆಂಗಸು, ಸಣ್ಣಗೆ ನಗುತ್ತಾ.

ಕೃಷ್ಣಣ್ಣ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ.

"ಸದಾನಂದ, ಕಟಪಾಡಿಯ ಮನೆಯಲ್ಲಿ ಏಸಿ ಉಂಟಾ?" ಅಂತ ಕೃಷ್ಣಣ್ಣ ಕೇಳಿದ.

"ಎಂತ ಏಸಿ? ಫ್ಯಾನೇ ಸರಿ ಇಲ್ಲ."

"ಕೆಮ್ಮು ನಿನ್ನದು ಮಾರಾಯ. ಇಷ್ಟು ದಿನ ಎದುರು ನಿಂತು ಕೇಳಿದ್ದೇನಲ್ಲ ನಾನು."

ಅವನು ಒಪ್ಪಲಿಲ್ಲ, ಬೈದ. ಹಮೀದಾಕ ಬೇರೊಂದು ಕ್ಯಾಸೆಟ್ ಹಾಕಿ, ಗುಂಡಿ ಒತ್ತಿ, ಅವನ ಬಾಯಿಯ ಹತ್ತಿರ ಹಿಡಿದರು. "ಎಂತ ಮಾತಾಡುದು ನಾನು?" ಅಂದ, ಅದಕ್ಕೆ ಮೊದಲು ರೂಢಿಯಂತೆ ಕೆಮ್ಮಿದ. ತಿರುಗಿಸಿ ಹಾಕಿದರು. ಅದೇ ಕೆಮ್ಮು. ತನ್ನ ಸ್ವರ ಹೊರಗಿನಿಂದ ಹೇಗೆ ಕೇಳುತ್ತದೆಂದು ಮನುಷ್ಯನಿಗೆ ಗೊತ್ತಿರುವುದಿಲ್ಲ. ಅವನು ಕಳಿಸಿದ ಕ್ಯಾಸೆಟ್ಟಿನ ಮೇಲೆಯೇ ಅವಳು ತನ್ನ ಮಾತು ತುಂಬಿಸಿದ್ದಳು, ನಡುವೆ ಅವನದೇ ತುಣುಕು ಉಳಿದಿತ್ತು.

ಸದಾನಂದ ನೆಲಕ್ಕೆ ಕೂತ. ರಂಗಸ್ಥಳದಲ್ಲಿ ಸತ್ಯ ತಿಳಿದಾಗ ಅವನು ಎದೆ ಬಡಿದುಕೊಂಡು ಬಿದ್ದಿದ್ದ. ಇಲ್ಲಿ ಸುಮ್ಮನೆ ಕೂತ, ಅಷ್ಟೆ. ಹಮೀದಾಕ ನೀರು ತಂದಿಟ್ಟರು, ಮುಟ್ಟಲಿಲ್ಲ.

ಸಂಜೆ ಮತ್ತೆ ಫೋನ್ ಮಾಡಿದ. ಅವಳು ಆಗಲೇ ಶಿರ್ವಕ್ಕೆ ಹೋಗಿದ್ದಳು, ಯಾರೂ ಬಿಟ್ಟು ಬಂದದ್ದಲ್ಲ, ತಾನೇ ಚೀಲ ಹಿಡಿದು ಹೋದಳಂತೆ. ಊರಿಗೆ ಹೋಗೋಣವೆಂದರೆ ಪಾಸ್‌ಪೋರ್ಟು ಕಂಪನಿಯಲ್ಲಿ, ರಜೆಗೆ ಇನ್ನೂ ವರ್ಷವಿತ್ತು. ಫೋರ್‌ಮನ್ನಿನ ಹತ್ತಿರ ಕೇಳಿದ್ದಕ್ಕೆ "ಮಾಫಿ" ಅಂದನಂತೆ. ಇಲ್ಲ ಎನ್ನಲು ಅಲ್ಲಿ ಎಲ್ಲರಿಗೂ ಬರುವ ಮಾತು ಅದೊಂದು.

"ನೀವು ಹೋಗಿ ಹೇಳಿ ಭಾಗವತರೇ. ಹೇಳುದು ನಿಮಗೆ ಬರ್ತದೆ," ಅಂತ ವಿಮಾನ ನಿಲ್ದಾಣದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡ.

ಶಿರ್ವ

ಊರು ಮುಟ್ಟಿ ಎರಡು ದಿನ ಬಿಟ್ಟು ನಾನೂ ಕೃಷ್ಣಣ್ಣನೂ ಹೋದೆವು. ಸುಮತಿ ಜಗಲಿಯಲ್ಲಿ ಹೊಲಿಗೆ ಮೆಷಿನಿನ ಮುಂದೆ ಕೂತಿದ್ದಳು. ಬೆಲ್ಲ, ನೀರು ಕೊಟ್ಟಳು. ನಾನು ಎಲ್ಲ ಹೇಳಿದೆ, ನನಗೆ ಬರುವಷ್ಟು ಚೆನ್ನಾಗಿಯೇ ಹೇಳಿದೆ. ಅವಳು ಮೆಷಿನಿನ ಚಕ್ರದ ಮೇಲೆ ಕೈ ಇಟ್ಟು ಕೇಳಿದಳು.

"ಅದು ಅವರ ಕೆಮ್ಮು ಅಂತ ನನಗೆ ಗೊತ್ತುಂಟು," ಅಂದಳು. "ಇದ್ದದ್ದು ಒಂದೇ ಕ್ಯಾಸೆಟ್. ಅವರ ಮಾತೆಲ್ಲ ಅಳಿಸಿ ನನ್ನದು ತುಂಬಿಸಬೇಕಿತ್ತು. ಆ ಕೆಮ್ಮು ಅಷ್ಟಾದರೂ ಇರಲಿ ಅಂತ ಅಲ್ಲಿ ನಿಲ್ಲಿಸಿ, ದಾಟಿಸಿ, ಮತ್ತೆ ಮಾತಾಡಿದೆ. ಕೇಳಿ ನಗಾಡ್ತಾರೆ ಅಂದುಕೊಂಡಿದ್ದೆ."

ಕೃಷ್ಣಣ್ಣ ತಲೆ ತಗ್ಗಿಸಿದ.

"ಒಂದು ಸಲ ಕ್ಷಮಿಸಿ ಬಿಡಮ್ಮ," ಅಂದೆ. "ಅವನಿಗೆ ಈಗ ಗೊತ್ತಾಗಿದೆ."

"ಅವರಿಗೆ ಗೊತ್ತಾಯ್ತು. ಅಂಗಡಿಯಲ್ಲಿ ನಿಂತವರಿಗೆ ಯಾರು ಹೇಳುದು? ಮನೆ ಮನೆಗೆ ಹೋಗಿ ನೀವು ಹೇಳ್ತೀರಾ?" ಸ್ವರ ಏರಿಸಲಿಲ್ಲ. "ಬಂದದ್ದಕ್ಕೆ ಸಂತೋಷ. ಬಿಸಿಲು ಇಳಿದ ಮೇಲೆ ಹೊರಡಿ."

ಮೆಷಿನು ಮತ್ತೆ ಓಡತೊಡಗಿತು.

ಅವನು ರಜೆಗೆ ಬಂದಾಗಲೂ ಅವಳು ಹೊರಗೆ ಬಂದು ಮಾತಾಡಲಿಲ್ಲವಂತೆ. ಅವನು ವಾಪಸು ಹೋದ. ಆ ಪ್ರಸಂಗ ಆಡಿಸಿ ಅಂತ ಆಮೇಲೆ ಬಹ್ರೇನಿನಿಂದ, ಮುಂಬಯಿಯಿಂದ ಕೇಳಿದರು. ನಾನು ಒಪ್ಪಲಿಲ್ಲ. ಕಾರಣ ಕೇಳಿದವರಿಗೆ ಸ್ವರ ಸಾಲದು ಅಂತ ಹೇಳಿದೆ.

ವರ್ಷದಲ್ಲಿ ಆರು ತಿಂಗಳು ಮೇಳದ ತಿರುಗಾಟದಲ್ಲಿ ಕಳೆದವನು ನಾನು. ಆ ಆರು ತಿಂಗಳು ಮನೆಯಲ್ಲಿ ಹೇಗಿದ್ದಳು, ಏನು ಕಂಡಳು ಅಂತ ನನ್ನ ಹೆಂಡತಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಶಿರ್ವದಿಂದ ಬಂದ ದಿನ ಅಡುಗೆಮನೆಯಲ್ಲಿ ಕೂತು ಕೇಳಿದೆ. ಮೊದಲು ಇವರಿಗೆ ಏನಾಯಿತು ಅನ್ನುವ ಹಾಗೆ ನೋಡಿದಳು. ಆಮೇಲೆ ಹೇಳತೊಡಗಿದಳು.

ಈಗ ನಾನು ಮೇಳ ಬಿಟ್ಟಿದ್ದೇನೆ. ಹಂಚಿನ ಮನೆ ಒಂದು ಇದೆ, ನಾನೇ ಕಟ್ಟಿಸಿದ್ದು. ಕಲಿಯಲು ಬರುವವರು ಒಂಬತ್ತು ಜನ, ಅವರಲ್ಲಿ ಇಬ್ಬರಿಗೆ ಸ್ವರ ಇದೆ. ಗಂಡುಮಕ್ಕಳು ಇಬ್ಬರು, ಇಬ್ಬರೂ ಊರಿನಲ್ಲೇ. ಹಲ್ಲು ಹದಿನಾಲ್ಕು. ಹೆಂಡತಿ ಒಬ್ಬಳು, ಕೇಳಿದರೆ ಉತ್ತರ ಕೊಡುತ್ತಾಳೆ.